ಖಾಲಿ ಹೊಟ್ಟೆಯ ಪ್ರಸಾದ

ನ್ಯಾಮತಿ
14 ಫೆಬ್ರವರಿ 1978

ಅಕ್ಕ ಕೊಟ್ರಮ್ಮನಿಗೆ ತಮ್ಮ ತಿಪ್ಪೇರುದ್ರಸ್ವಾಮಿಯ ಶರಣಾರ್ಥಿ. ಕ್ಷೇಮದ ಮಾತು ಆಮೇಲೆ ಬರೀತೀನಿ, ಮೊದಲು ನನ್ನ ಸಿಟ್ಟು ಕೇಳು.

ನಾನು ಕುಡೀತೀನಿ ಅಂತ ಜಗಳೂರಿನ ತನಕ ಸುದ್ದಿ ಮುಟ್ಟಿಸಿದ ಪುಣ್ಯಾತ್ಮನ ಹೆಸರು ಹೇಳಲ್ಲ ಅಂತ ಬರೆದೀಯ. ಬೇಡ ಬಿಡು, ನನಗೆ ಗೊತ್ತು. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಆ ಮನುಷ್ಯನ ಹಣೆಗೆ ವಿಭೂತಿ ಹಚ್ಚಾಕೆ ಹೋದೆ. ಕೈ ನಡುಗಿ ಬೆರಳು ಹಣೆ ಬಿಟ್ಟು ಕಣ್ಣಿಗೆ ಹೋಯ್ತು. ಅವನು ಕಣ್ಣು ಉಜ್ಜಿಕೊಂಡು, ನನ್ನ ಬಾಯಿ ಹತ್ರ ಮೂಗು ತಂದು ಮೂಸಿ ನೋಡಿದ, ಅಕ್ಕ! ಈ ಊರಿನ ಅರ್ಧ ಜನಕ್ಕೆ ಲಿಂಗ ಕಟ್ಟಿದ ಅಯ್ಯ ನಾನು. ಅಯ್ಯನ ಬಾಯಿ ಮೂಸಿ ನೋಡಿದ. ಥೂ ಅವನ ಜನ್ಮಕ್ಕೆ. ಅವತ್ತಿಂದ ನನಗೆ ಯಾರ ಮುಖ ಕಂಡ್ರೂ ಹೇಸಿಗೆ ಆಗ್ತೈತೆ.

ಹೊನ್ನಾಳಿ ಡಾಕ್ಟ್ರ ಹತ್ರ ಹೋಗಿದ್ದೆ. ನಡೀರಿ ಅಂದ್ರು, ನಡೆದೆ. ಕೈ ಚಾಚ್ರಿ ಅಂದ್ರು, ಚಾಚಿದೆ. ಪಾರ್ಕಿನ್ಸನ್ ಅಂದ್ರು. ಯಾರೋ ದೊರೆ ಹೆಸರಿದ್ದಂಗೈತೆ. ಮಿದುಳಿನೊಳಗೆ ಏನೋ ಒಂದು ರಸ ಕಮ್ಮಿ ಆಗ್ತಾ ಹೋಗ್ತದಂತೆ, ಅದಕ್ಕೇ ಕೈ ನಡುಗ್ತದೆ, ಮೈ ಬಿಗೀತದೆ, ಮುಖದಲ್ಲಿ ನಗು ಅಳು ಏನೂ ಕಾಣಲ್ಲ. ವಾಸಿ ಮಾಡಾಕೆ ಆಗಲ್ಲ, ಮಾತ್ರೆಯಿಂದ ತಡೆ ಹಾಕಬಹುದು ಅಂದ್ರು. ಒಂದು ಬಿಳಿ ಮಾತ್ರೆ ಬರೆದುಕೊಟ್ಟಿದಾರೆ. ಅದಕ್ಕೆ ಮುಂಚೆ ಬಾಯಿಂದ ಜೊಲ್ಲು ಸುರೀತಿತ್ತು, ಈಗ ಬಾಯಿ ಒಣಗಿದ ಕೆರೆ ಆಗೈತೆ. ಮಂತ್ರ ಹೇಳಾಕೆ ಹೋದ್ರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ತದೆ. ಜೊಲ್ಲಿನ ಅಯ್ಯ ಬೇಕೋ, ಮೂಕ ಅಯ್ಯ ಬೇಕೋ, ಊರಿನೋರೇ ಹೇಳ್ಲಿ.

ನಿನ್ನ ಹೆದರಿಸಾಕೆ ಬರೀಲಿಲ್ಲ. ಕೈ ಈಗ ಎಷ್ಟೋ ವಾಸಿ. ನಮ್ಮ ಮನೆಯಾಕೆ ಕಸ್ತೂರಿನೂ ಚೆನ್ನಾಗಿದಾಳೆ.

ಮತ್ತೆ ನೀನು ನಶ್ಯ ಏರಿಸಿಕೊಂಡ ಕೈಯಲ್ಲೇ ಕಾಗದ ಬರೀಬೇಡ. ಬಿಚ್ಚಿದ ಕೂಡಲೇ ಪುಡಿ ಉದುರಿ ನನಗೂ ಕಸ್ತೂರಿಗೂ ಸೀನು ಹತ್ತಿತು. ಹೇಸಿಗೆ ಅನ್ನೋದು ಇಲ್ಲೇನು ನಿನಗೆ? ಕೈ ತೊಳೆದು ಬರಿ.

ನಿನ್ನ ತಮ್ಮ
ತಿಪ್ಪೇರುದ್ರ


ಜಗಳೂರು
3 ಮಾರ್ಚ್ 1978

ತಮ್ಮ ತಿಪ್ಪೇಶಿಗೆ ನಿನ್ನಕ್ಕನ ಆಶೀರ್ವಾದ.

ಕುಡಿತ ಅಲ್ಲ, ಕಾಯಿಲೆ ಅಂತ ಓದಿ ಕೊಟ್ಟೂರೇಶನಿಗೆ ಕಾಯಿ ಒಡೆಸಿದೆ. ಕಾಯಿಲೆ ಬಂದಿದ್ದಕ್ಕೆ ಕಾಯಿ ಒಡೆಸೋಳು ನಾನೊಬ್ಬಳೇ ಇರಬೇಕು. ನಿನ್ನ ಭಾವ ನಕ್ಕರು.

ಮಾತ್ರೆ ತಗೋ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು ಕೇಳು. ಬೆಳಿಗ್ಗೆ ಲಿಂಗಪೂಜೆ ಆಗೋ ತನಕ ಒಂದು ಹನಿ ನೀರೂ ಬಾಯಿಗೆ ಹೋಗಬಾರದು. ಅಪ್ಪಯ್ಯ ಜ್ವರದಾಗೆ ಬಿದ್ದು ಬೆಂದಾಗಲೂ, ಎರಡು ಕಡೆ ಇಬ್ಬರು ಹಿಡಕೊಂಡು ಕೂರಿಸಿ ಪೂಜೆ ಮಾಡಿಸಿದ ಮ್ಯಾಲೇ ಕಷಾಯ ಕುಡಿದಿದ್ದು. ಆ ರಕ್ತ ನಿನ್ನದು. ನೀನು ಬ್ಯಾರೆಯೋರಿಗೆ ನೇಮ ಹೇಳೋ ಅಯ್ಯ, ನೀನೇ ಮಾತ್ರೆ ನುಂಗಿ ಲಿಂಗ ಹಿಡಿದ್ರೆ ಹೆಂಗಪ್ಪ? ಲಿಂಗ ಮುಟ್ಟಿ ಮಾತು ಕೊಟ್ಟು ಬರಿ, ಅಲ್ಲಿ ತನಕ ನನಗೆ ಅನ್ನ ಇಳಿಯಲ್ಲ.

ನಶ್ಯದ ಮಾತು ಎತ್ತಬ್ಯಾಡ. ಮೂಗು ಬ್ಯಾರೆ, ಬಾಯಿ ಬ್ಯಾರೆ. ಎದ್ದ ಕೂಡಲೇ ಒಂದು ಚಿಟಿಕೆ ಏರಿಸದಿದ್ರೆ ನನಗೆ ಪೂಜೆಗೆ ಕಣ್ಣೇ ಬಿಡಾಕೆ ಆಗಲ್ಲ, ಅದು ನಿನಗೂ ಗೊತ್ತೈತೆ. ನಿನ್ನ ಮಾತಿಗೆ ಈ ಕಾಗದ ಕೈ ತೊಳೆದೇ ಬರೆದೀನಿ. ಹಂಗೂ ಉದುರಿದ್ರೆ ಅದು ಸೆರಗಿನದು.

ಕೊಟ್ರಮ್ಮ


ನ್ಯಾಮತಿ
20 ಸೆಪ್ಟೆಂಬರ್ 1978

ಅಕ್ಕ,

ಮಾತು ಕೊಟ್ಟ ಕಾರ್ಡು ತಲುಪಿ ನೀನು ಊಟ ಮಾಡಿರಬೇಕು ಅಂದುಕೊಂಡೀನಿ. ಆಮೇಲೆ ಬರೀಲಿಲ್ಲ ಅಂತ ಬೈದು ಎರಡು ಕಾಗದ ಹಾಕಿದೀಯ. ಬರೆಯಾಕೆ ಕೂತ್ರೆ ಅಕ್ಷರ ಇರುವೆ ಸಾಲಿನಂಗೆ ಸಣ್ಣಗಾಗ್ತಾ ಹೋಗ್ತದೆ, ನಿನ್ನ ಕನ್ನಡಕಕ್ಕೆ ನಿಲುಕಲ್ಲ.

ಬಿಳಿ ಮಾತ್ರೆ ಕೈ ಕೊಟ್ಟಿತು. ಈಗ ಡಾಕ್ಟ್ರು ಒಂದು ದೊಡ್ಡ ಮಾತ್ರೆ ಬರೆದಾರೆ. ಹೊನ್ನಾಳೀಲಿ ಸಿಗಲ್ಲ, ಸೈಕಲ್ ಷಾಪಿನ ನಬೀಸಾಬ್ ಸಾಮಾನಿಗೆ ಅಂತ ದಾವಣಗೆರೆಗೆ ಹೋದಾಗ ತಂದುಕೊಡ್ತಾನೆ. ಅದು ಕಡಿಮೆ ಆಗಿರೋ ರಸಾನೇ ಮಿದುಳಿಗೆ ತುಂಬ್ತದಂತೆ. ಸುಳ್ಳಲ್ಲ ಅಕ್ಕ. ನುಂಗಿ ಒಂದು ಗಳಿಗೆ ಆದ ಮೇಲೆ ಕೈ ನಿಲ್ತದೆ. ನನ್ನ ಕೈ ನಾನೇ ನೋಡ್ತಾ ಕೂರ್ತೀನಿ. ಆಮೇಲೆ ಅದರ ಜೋರು ಇಳಿದು ಮತ್ತೆ ಅದೇ ಹಾಡು.

ಆದ್ರೆ ಅದನ್ನ ಊಟದ ಮೇಲೇ ನುಂಗಬೇಕು. ಖಾಲಿ ಹೊಟ್ಟೆಗೆ ಹೋದ್ರೆ ಹೊಟ್ಟೆ ತೊಳಸಿ ಕರುಳು ಬಾಯಿಗೆ ಬರೋ ಹಂಗೆ ವಾಂತಿ ಆಗ್ತದೆ. ಈಗ ನನ್ನ ಪಾಡು ನೋಡು. ಪೂಜೆ ಆಗೋ ತನಕ ಊಟ ಇಲ್ಲ. ಊಟ ಆಗೋ ತನಕ ಮಾತ್ರೆ ಇಲ್ಲ. ಮಾತ್ರೆ ಇಲ್ಲದೆ ಕೈ ನಿಲ್ಲಲ್ಲ. ಕೈ ನಿಲ್ಲದೆ ಅಂಗೈ ಮೇಲೆ ಲಿಂಗ ನಿಲ್ಲಲ್ಲ. ಡಾಕ್ಟ್ರಿಗೆ ಹೇಳಿದ್ರೆ, ದೇವರಿಗೆ ಸ್ವಲ್ಪ ಹೊತ್ತು ಕಾಯಾಕೆ ಹೇಳ್ರಿ ಅಯ್ಯನೋರೆ ಅಂತ ನಗ್ತಾರೆ. ಹಲ್ಲು ಕಿರೀತಾರೆ. ಅವರ ಹಲ್ಲು ನೋಡಿದ್ರೆ ನನಗೆ ಅಸಹ್ಯ.

ಹೆಂಗೋ ನಿಭಾಯಿಸ್ತಿದ್ದೀನಿ. ಹೆಂಗೆ ಅಂತ ಕೇಳಬೇಡ. ನಿನಗೆ ಕೊಟ್ಟ ಮಾತು ತಪ್ಪಿಲ್ಲ, ಅಷ್ಟು ತಿಳಕೋ.

ಪಾಲಣ್ಣನ ಮನೇಲಿ ಮೊನ್ನೆ ತೊಟ್ಟಿಲ ಶಾಸ್ತ್ರ ಆಯ್ತು. ಕೂಸಿಗೆ ಲಿಂಗ ಕಟ್ಟಾಕೆ ಹೊನ್ನಾಳಿಯಿಂದ ಬೇರೆ ಅಯ್ಯನ್ನ ಕರೆಸಿದ್ರು. ಆ ಪಾಲಣ್ಣಗೂ ಲಿಂಗ ಕಟ್ಟಿದೋನು ನಾನೇ. ಬಾಗಿಲಲ್ಲಿ ನನ್ನ ಕಂಡು, ಬರ್ರಿ ಅಯ್ಯನೋರೆ ಪ್ರಸಾದ ಮಾಡ್ರಿ ಅಂದ, ಕಣ್ಣು ಮಾತ್ರ ನನ್ನ ಕೈ ಮೇಲಿತ್ತು. ನಾನು ಹೋಗಲಿಲ್ಲ.

ತಿಪ್ಪೇರುದ್ರ


ಜಗಳೂರು
8 ಜನವರಿ 1979

ತಮ್ಮ ತಿಪ್ಪೇಶಿಗೆ,

ಸಿಹಿ ಬಾಯಿಗೆ ಹಾಕಿಕೊಂಡು ಓದು. ನಮ್ಮ ಮಗಳು ಪ್ರೇಮಿ ಬಸುರಿ! ಮದುವೆಯಾಗಿ ಏಳು ವರ್ಷಕ್ಕೆ ಕಣ್ಣು ಬಿಟ್ಟ ದೇವರು. ಜೂನಿನಾಗೆ ದಿನ ಅಂದಾರೆ. ನನಗೆ ಕೂತಲ್ಲಿ ಕೂರಾಕೆ ಆಗ್ತಿಲ್ಲ, ಬೀದಿಯಾಗೆ ಹೋಗೋರನ್ನೆಲ್ಲ ಕರೆದು ಹೇಳ್ತಿದ್ದೀನಿ.

ಬಾಣಂತನಕ್ಕೆ ಜಗಳೂರಿಗೆ ಕಳಸಲ್ಲ ಅಂದ್ಲು ಅವಳತ್ತೆ ಹುಲಿಗೆಮ್ಮ. ಇಷ್ಟು ವರ್ಷಕ್ಕೆ ಆಗ್ತಿರೋ ಕೂಸು, ಬಸ್ಸಿನಾಗೆ ಕುಲುಕಿಸಬಾರದು, ಚನ್ನಗಿರೀಲೇ ಆಗ್ಲಿ ಅಂತ. ನಾನೇ ಅಲ್ಲಿಗೆ ಹೋಗಿ ಇರ್ತೀನಿ. ಅವರ ಮನೆಯಾಗೆ ನಾನು ಮಾತಾಡಿದ್ರೆ ಎಷ್ಟು ನಡೀತದೆ ನಿನಗೆ ಗೊತ್ತಲ್ಲ. ಅಯ್ಯನೋರ ಮನೆ ಹುಡುಗೀನ ಅಡಿಕೆ ವ್ಯಾಪಾರದೋರಿಗೆ ಕೊಟ್ರು ಅಂತ ನಮ್ಮೋರು ಮೂಗು ಮುರಿದ್ರು. ನಮ್ಮ ಮಗನಿಗೆ ಇವರ ಮನೆ ಬೇಕಿತ್ತಾ ಅಂತ ಅವರೂ ಅಂದ್ರು. ಅಳಿಯ ಮಹೇಶ್ವರಪ್ಪ ಒಬ್ಬನೇ ಒಳ್ಳೆಯೋನು.

ಒಂದೇ ಒಂದು ಆಸೆ ನನ್ನದು. ಕೂಸಿನ ಕೊರಳಿಗೆ ಲಿಂಗ ನಿನ್ನ ಕೈಯಿಂದ ಬೀಳಬೇಕು. ತವರುಮನೆ ಅಯ್ಯ ಬಂದು ತೊಡೆ ಮ್ಯಾಲೆ ಮಲಗಿಸಿಕೊಂಡು ಲಿಂಗ ಕಟ್ಟಿದ್ರೆ ಆ ಮನೆಯಾಗೆ ಪ್ರೇಮಿ ತಲೆ ಎತ್ತಿ ಓಡಾಡ್ತಾಳೆ. ಹುಲಿಗೆಮ್ಮಗೂ ಹೇಳಿಬಿಟ್ಟೀನಿ, ನನ್ನ ತಮ್ಮ ಬರ್ತಾನೆ ಅಂತ. ದೊಡ್ಡ ಮಾತ್ರೆಯಿಂದ ಕೈ ನಿಂತೈತೆ ಅಂತ ನೀನೇ ಬರೆದೀಯಲ್ಲ.

ಕೊಟ್ರಮ್ಮ


ನ್ಯಾಮತಿ
2 ಫೆಬ್ರವರಿ 1979

ಅಕ್ಕ,

ಪ್ರೇಮಿ ಸುದ್ದಿ ಓದಿ ಕಸ್ತೂರಿ ಬೆಲ್ಲ ಹಂಚಿದಳು. ನನಗೂ ಖುಷಿ ಆಯ್ತು, ಎಷ್ಟು ಅಂತ ಬರೆಯಾಕೆ ಬರಲ್ಲ.

ಲಿಂಗ ಕಟ್ಟಾಕೆ ನಾನು ಬರಲ್ಲ. ಚನ್ನಗಿರೀಲಿ ಹಾಲಸ್ವಾಮಿ ಅದಾರೆ, ಒಳ್ಳೆ ಅಯ್ಯ, ಕೈ ಚೊಕ್ಕ. ಅವರ ಕೈಲೇ ಕಟ್ಟಿಸು. ಯಾಕೆ ಏನು ಅಂತ ಎಳೀಬೇಡ.

ತಿಪ್ಪೇರುದ್ರ


ಜಗಳೂರು
19 ಫೆಬ್ರವರಿ 1979

ತಿಪ್ಪೇರುದ್ರಗೆ,

ಯಾಕೆ ಅಂತ ಎಳೀಬ್ಯಾಡ ಅಂದೀಯ. ನಾನು ಎಳೆಯೋಳೇ.

ಪ್ರೇಮಿ ಮದುವೇಲಿ ನಮ್ಮ ಕಡೆಯೋರು ಯಾರೂ ಬರಲಿಲ್ಲ, ನೀನೊಬ್ಬ ಬಂದೆ. ನನ್ನ ತಮ್ಮ ಬಂದ ಅಂತ ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಅಕ್ಕಿಕಾಳು ಬಿದ್ದ ಮ್ಯಾಲೆ ನೋಡಿದ್ರೆ ನೀನು ಇಲ್ಲ. ಊಟಕ್ಕೆ ಕೂರದೆ ಬಸ್ ಹತ್ತಿದ್ದೆ. ಅವತ್ತಿಂದ ಇವತ್ತಿನ ತನಕ ಹುಲಿಗೆಮ್ಮ ಆ ಎಲೆ ಮಾತಾಡ್ತಾಳೆ, ನಿಮ್ಮ ತಮ್ಮನ ಎಲೆ ಹಂಗೇ ಮಡಚಿಟ್ವಿ ಅಂತ. ನ್ಯಾಮತೀಲಿ ಯಾರೋ ಸತ್ತಿದ್ರು ಅಂದೆ ನೀನು. ನಾನು ನಂಬಿದೆ. ಈಗ ನಂಬಲ್ಲ.

ಅವರ ಮನೆ ಅನ್ನ ಕಂಡ್ರೆ ನಿನಗೆ ಹೇಸಿಗೆ. ಅವರ ಕೂಸು ಕಂಡ್ರೂ ಹೇಸಿಗೆ. ಊರೋರ ಕೂಸಿಗೆಲ್ಲ ಕಟ್ಟೋ ಕೈ ನನ್ನ ಮಗಳ ಕೂಸಿಗೆ ಮಾತ್ರ ಬರಲ್ಲ. ಮಡಿ ಮಡಿ ಅಂತ ನಿನ್ನ ತಲೆಯಾಗೆ ತುಂಬಿದ ಅಪ್ಪಯ್ಯನೂ ಕೂಸು ಕಂಡ್ರೆ ಎತ್ತಿಕೊಳ್ತಿದ್ದ.

ಬರಲ್ಲ ಅಂದ್ರೆ ಬರಲ್ಲ ಅಂತ ನೀನೇ ಹುಲಿಗೆಮ್ಮಗೆ ಕಾಗದ ಬರಿ. ನನ್ನ ಬಾಯಿಂದ ಆಗಲ್ಲ.

ಕೊಟ್ರಮ್ಮ


ನ್ಯಾಮತಿ
11 ಮಾರ್ಚ್ 1979

ಅಕ್ಕ,

ಬರ್ತೀನಿ. ಇನ್ನು ಬೈಬೇಡ.

ಸತ್ತಿದ್ದು ನಿಜ, ಸತ್ತೋರ ಹೆಸರು ಚಿಕ್ಕಹನುಮಂತಪ್ಪ. ಅಯ್ಯ ಬಾರದೆ ಮಣ್ಣು ಮಾಡೋ ಹಂಗಿರಲಿಲ್ಲ, ಹೆಣ ನನ್ನ ದಾರಿ ಕಾಯ್ತಿತ್ತು. ನನ್ನ ಮೇಲೆ ಏನು ಬೇಕಾದ್ರೂ ಹೇಳು, ಪ್ರೇಮಿ ಮನೆ ಅನ್ನಕ್ಕೆ ಹೇಸಿದೆ ಅಂತ ಮಾತ್ರ ಅನ್ನಬೇಡ. ನಿನ್ನ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ.

ಒಂದೇ ಕೋರಿಕೆ. ಲಿಂಗ ಕಟ್ಟೋದು ಬೆಳಿಗ್ಗೆ ಏಳಕ್ಕೆ ಇಡಿಸು. ಏಳು ಅಂದ್ರೆ ಏಳು. ಯಾರಿಗೂ ಕಾಯೋದು ಬೇಡ. ಅದೊಂದು ನಡೆಸಿಕೊಡು.

ತಿಪ್ಪೇರುದ್ರ


ಚನ್ನಗಿರಿ
22 ಜೂನ್ 1979

ತಮ್ಮಗೆ,

ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮ. ಮುಂದಿನ ಸೋಮವಾರ ತೊಟ್ಟಿಲು, ಅವತ್ತೇ ಲಿಂಗ. ನೀನು ಹೇಳಿದಂಗೆ ಏಳಕ್ಕೇ ಇಡಿಸೀನಿ, ಭಾನುವಾರ ಸಂಜೆಗೇ ಬಂದು ಇಲ್ಲೇ ಮಲಗು. ಬೇಗ ಮುಗಿಸಿ ಮೊದಲ ಬಸ್ಸಿಗೆ ಓಡೋ ಯೋಚನೆ ಅಂತ ನನಗೆ ಗೊತ್ತಾಗಲ್ಲ ಅಂದುಕೊಂಡ್ಯಾ? ಇರ್ಲಿ. ಈ ಸಲ ಊಟಕ್ಕೆ ನಿನ್ನ ಪಕ್ಕ ನಾನೇ ಕೂರೋಳು.

ಕೊಟ್ರಮ್ಮ


ಚನ್ನಗಿರಿ
1 ಜುಲೈ 1979

ತಿಪ್ಪೇರುದ್ರಗೆ,

ನಿನಗೆ ಕಾಗದ ಬರೆಯಾಕೂ ನನಗೆ ಅಸಹ್ಯ. ಬರೆದು ಕೈ ತೊಳಕೊಳ್ಳೋಣ ಅಂತ ಬರೀತಿದ್ದೀನಿ.

ಏಳಕ್ಕೆ ಅಂದಿದ್ದು ಹತ್ತಾಯ್ತು, ಒಪ್ಪಿದೆ. ಅಡಿಕೆ ಮಂಡಿ ಸಾಹುಕಾರರು ಬರೋ ತನಕ ತಡೀರಿ ಅಂದೋರು ಬೀಗರು, ನನ್ನ ಮಾತು ಯಾರು ಕೇಳ್ತಾರೆ? ಅಷ್ಟಕ್ಕೆ ನೀನು ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತೆ. ಅಳಿಯ ಹಾಲು ತಂದುಕೊಟ್ಟ, ಕೈಯಲ್ಲೇ ಬ್ಯಾಡ ಅಂದೆ. ಹಣ್ಣು ತಂದುಕೊಟ್ಟ, ಬ್ಯಾಡ ಅಂದೆ. 

ಕೊನೆಗೆ ಪ್ರೇಮಿ ಕೂಸನ್ನ ತಂದು ನಿನ್ನ ತೊಡೆ ಮ್ಯಾಲೆ ಮಲಗಿಸಿದಳು. ಮನೆ ತುಂಬ ಜನ. ನೀನು ಕೂಸಿನ ಕಡೆ ನೋಡಿ ಮುಖ ಆ ಕಡೆ ತಿರುಗಿಸಿದೆ. ತುಟಿ ಬಿಗಿ ಹಿಡಿದೆ. ಮೂಗು ಹಿಂಡಿದಂಗೆ ಮಾಡಿದೆ. ಕಣ್ಣಾಗೆ ನೀರು ಬರೋ ಅಷ್ಟು ಹೇಸಿಗೆ ಪಟ್ಟೆ. ಮಂತ್ರ ಹೇಳ್ರಿ ಅಯ್ಯನೋರೆ ಅಂತ ಸಾಹುಕಾರರು ಅಂದ್ರೆ ಎರಡೂ ಕೈಯಾಗೆ ಬಾಯಿ ಮುಚ್ಚಿಕೊಂಡೆ, ಹೇಲು ಬಟ್ಟೆ ಕಂಡೋರು ಮಾಡಿದಂಗೆ. ನನ್ನ ಮೊಮ್ಮಗಳನ್ನ ಕಂಡು!

ಹುಲಿಗೆಮ್ಮ ಕೂಸನ್ನ ಬಾಚಿ ಎತ್ತಿಕೊಂಡು, ಸ್ವಾಮಿಗಳಿಗೆ ನಮ್ಮ ಕೂಸು ಸೇರಲಿಲ್ಲ, ಎದ್ದೇಳಿಸ್ರಿ ಪಾಪ ಅಂದ್ಲು. ಹಾಲಸ್ವಾಮಿನ ಕರೆತಂದು ಕಟ್ಟಿಸಿದ್ರು. ನೀನು ಅಷ್ಟೊತ್ತಿಗೆ ಹಿತ್ತಲ ಬಾಗಿಲಿಂದ ಹೊರಟು ಹೋಗಿದ್ದೆ. ಎಲೆ ಮತ್ತೆ ಹಂಗೇ ಮಡಚಿಟ್ಟೆವು.

ಹೆಣ್ಣು ಅಂತ ಹೇಸಿದ್ಯೋ, ವ್ಯಾಪಾರದೋರ ರಕ್ತ ಅಂತ ಹೇಸಿದ್ಯೋ, ನನಗೆ ಗೊತ್ತಾಗೋದು ಬ್ಯಾಡ. ಪ್ರೇಮಿ ಅಳಲಿಲ್ಲ. ಕೂಸಿನ ಹಣೆ ಒರೆಸಿಕೊಂಡು ಒಳಗೆ ಹೋದಳು. ಅವಳು ಅತ್ತಿದ್ರೆ ಚೆನ್ನಾಗಿತ್ತು.

ಇನ್ನು ಮ್ಯಾಲೆ ನನಗೆ ಕಾಗದ ಬರೀಬ್ಯಾಡ. ನನಗೆ ತಮ್ಮ ಇಲ್ಲ.


ನ್ಯಾಮತಿ
ಯುಗಾದಿ, 1980

ಅಕ್ಕ, ಬೇವು ಬೆಲ್ಲ ತಿಂದೆವು. ಕೂಸಿಗೆ ಆಶೀರ್ವಾದ. ಇದು ಕಸ್ತೂರಿ ಕೈಬರಹ.


ನ್ಯಾಮತಿ
9 ಆಗಸ್ಟ್ 1981

ಅಕ್ಕ,

ಒಡೆದು ಓದಿದ್ರೆ ಓದು, ಹಂಗೇ ಒಲೆಗೆ ಹಾಕಿದ್ರೂ ಹಾಕು. ನಾನು ಬರೆಯೋದು ಬರೀತೀನಿ.

ಈಗ ಹೊಸ ಮಾತ್ರೆ ಬಂದೈತೆ. ಹಳೇ ದೊಡ್ಡ ಮಾತ್ರೆಗೇ ಇನ್ನೊಂದೇನೋ ಬೆರೆಸಿದಾರಂತೆ, ವಾಂತಿ ಅಷ್ಟಾಗಿ ಆಗಲ್ಲ. ನುಂಗಿದ ಮೇಲೆ ಒಂದಿಷ್ಟು ಹೊತ್ತು ಕೈ ನನ್ನ ಮಾತು ಕೇಳ್ತದೆ. ಒಂದೊಂದು ಸಲ ಮಾತು ಜಾಸ್ತಿ ಕೇಳಿ ಮೈಯೆಲ್ಲ ತೂಗಾಡ್ತದೆ, ಅದು ಬೇರೆ ಅಸಹ್ಯ. ಆ ಒಳ್ಳೆ ಹೊತ್ತಿನಲ್ಲಿ ಬರೀತಿದ್ದೀನಿ. ಎರಡು ವರ್ಷ ಬರೀದೆ ಇದ್ದಿದ್ದು ಹಟಕ್ಕಲ್ಲ. ಕಸ್ತೂರಿ ಕೈಲಿ ಬರೆಸಬಹುದಿತ್ತು, ಆದ್ರೆ ಈ ಮಾತು ಬರೆಸಾಕೆ ನಾಚಿಕೆ ಆಯ್ತು.

ನೀನು ಮಾತು ತಗೊಂಡ ವರ್ಷವೇ, ಶ್ರಾವಣದಲ್ಲಿ, ಪೂಜೆಗೆ ಕೂತಾಗ ಲಿಂಗ ನನ್ನ ಅಂಗೈಯಿಂದ ಬಿತ್ತು. ಕೈ ಒದರಿತು, ಲಿಂಗ ತಟ್ಟೆ ಅಂಚಿಗೆ ಬಡಿದು ಉರುಳಿ ಒರಳುಕಲ್ಲಿನ ಸಂದಿಗೆ ಹೋಯ್ತು. ಜಿರಳೆ ಹಿಕ್ಕೆ ನಡುವೆ. ಲಿಂಗ ಬಿದ್ರೆ ಹಿಂದಿನೋರು ಜೀವ ಬಿಡ್ತಿದ್ರು ಅಂತ ಅಪ್ಪಯ್ಯ ಹೇಳ್ತಿದ್ದ. ನನಗೆ ಎದ್ದು ಎತ್ತಿಕೊಳ್ಳಾಕೂ ಆಗಲಿಲ್ಲ, ಕಾಲು ನೆಲಕ್ಕೆ ಅಂಟಿತ್ತು. ಕಸ್ತೂರಿ ಕೋಲಿನಿಂದ ಎಳೆದು ತೆಗೆದು, ತೊಳೆದು, ನನ್ನ ಮುಂದೆ ಇಟ್ಟಳು. ಇಬ್ಬರೂ ಯಾರಿಗೂ ಹೇಳಲಿಲ್ಲ.

ಕೈ ಮೊಂಡಾಗ್ತಿದೆ. ನಾಳೆ ಬರೀತೀನಿ.

ಮರುದಿನ. ಆಗ ನಾನೊಂದು ದಾರಿ ಹುಡುಕಿದೆ. ಲಿಂಗಕ್ಕೆ ಅರ್ಪಿಸಿದ್ದೆಲ್ಲ ಪ್ರಸಾದ. ಬಾಳೆಹಣ್ಣು ಪ್ರಸಾದ ಆಗ್ತದೆ ಅಂದ್ರೆ ಮಾತ್ರೆ ಯಾಕೆ ಆಗಬಾರದು? ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಲಿಂಗಾನ ತಟ್ಟೇಲಿ ಇಟ್ಟು, ಮಾತ್ರೆ ಅರ್ಪಿಸಿ, ಪ್ರಸಾದ ಅಂತ ನುಂಗಾಕೆ ಶುರು ಮಾಡಿದೆ. ಮಾತ್ರೆ ಔಷಧಿ, ಊಟ ಅಲ್ಲ; ಅನ್ನ ಹಾಲು ಪೂರಾ ಪೂಜೆ ಆದ ಮೇಲೇ ಅಂತ ಗೆರೆ ಹಾಕಿಕೊಂಡೆ. ಕೈ ನಿಂತ ಮೇಲೆ ಅಂಗೈಗೆ ತಗೊಂಡು ಪೂರಾ ಪೂಜೆ. ನಿನ್ನ ಮಾತೂ ಉಳೀತು, ಕೈಯೂ ಉಳೀತು. ನನ್ನ ಬುದ್ಧಿಗೆ ನಾನೇ ಬೀಗಿದೆ.

ಪ್ರಸಾದ ಮಾಡಿದ ಮೇಲೆ ಅದನ್ನ ಕಕ್ಕೋ ಹಂಗಿಲ್ಲ ಅನ್ನೋದು ಮರೆತಿದ್ದೆ. ಒಂದು ಅಗುಳು ಪ್ರಸಾದ ನೆಲಕ್ಕೆ ಬಿದ್ರೆ ಅಪ್ಪಯ್ಯ ನಾಲಿಗೇಲಿ ಎತ್ತಿಸ್ತಿದ್ದ, ನೆನಪೈತಾ? ಖಾಲಿ ಹೊಟ್ಟೆ, ಆ ಹಾಳು ಮಾತ್ರೆ. ಹೊಟ್ಟೆ ತೊಳಸಿ ತೊಳಸಿ ಗಂಟಲಿಗೆ ಬರ್ತಿತ್ತು. ಬಾಯಿಗೆ ಬಂದಿದ್ದನ್ನ ಬಾಯಿ ಮುಚ್ಚಿ ವಾಪಸ್ ನುಂಗ್ತಿದ್ದೆ. ದಿನಾ, ಅಕ್ಕ. ಹುಳಿ, ಕಹಿ, ಬಿಸಿ. ಬರೆಯಾಕೇ ನನಗೆ ಮೈ ಜುಂ ಅಂತದೆ. ನುಂಗಿ, ವಿಭೂತಿ ಹಚ್ಚಿಕೊಂಡು, ಶಿವಾ ಅಂತ ಪೂಜೆಗೆ ಕೂರ್ತಿದ್ದೆ. ನನ್ನಂಥ ಕೊಳಕ ಈ ತಾಲ್ಲೂಕಿನಲ್ಲಿ ಇನ್ನೊಬ್ಬ ಇಲ್ಲ.

ಚನ್ನಗಿರೀಲೂ ಏಳಕ್ಕೆ ಸರಿಹೋಗೋ ಹಂಗೆ ನಸುಕಿನಲ್ಲೇ ನುಂಗಿದ್ದೆ. ಏಳಕ್ಕೆ ನನ್ನ ಕೈ ಕಂಬದಂಗೆ ನಿಂತಿತ್ತು. ಬೇಕಾದ್ರೆ ಆಗ ನಾನು ಹತ್ತು ಕೂಸಿಗೆ ಲಿಂಗ ಕಟ್ಟಬಹುದಿತ್ತು. ನಿಮ್ಮ ಸಾಹುಕಾರನ ಕಾರು ಬರಲಿಲ್ಲ. ಎಂಟಾಯ್ತು, ಒಂಬತ್ತಾಯ್ತು, ಬೆರಳು ಶುರುವಾಯ್ತು. ಕೂಸಿನ ಮುಂದೆ ಲಿಂಗ ಬಿದ್ರೆ ಏನು ಗತಿ ಅಂತ ಹೆದರಿ ಇನ್ನೊಂದು ಮಾತ್ರೆ ಅರ್ಪಿಸಿ ನುಂಗಿದೆ. ಅಳಿಯ ಕೊಟ್ಟ ಹಾಲು ಕುಡಿದಿದ್ರೆ ಹೊಟ್ಟೆ ತಡೀತಿತ್ತು. ಕುಡಿಯೋ ಹಂಗಿರಲಿಲ್ಲ, ಕೈ ನಿಂತ ಹೊತ್ತು ಮೊದಲು ಕೂಸಿಗೆ ಅಂತ ನನ್ನ ಪೂಜೆ ಆಮೇಲಕ್ಕೆ ಇಟ್ಟಿದ್ದೆ, ಅದು ಆಗಿರಲಿಲ್ಲ, ನಿನಗೆ ಮಾತು ಕೊಟ್ಟಿದ್ದೆ.

ಪ್ರೇಮಿ ಕೂಸನ್ನ ತೊಡೆ ಮೇಲೆ ಮಲಗಿಸಿದಾಗ ನನ್ನ ಬಾಯಿ ತುಂಬಿತ್ತು, ಅಕ್ಕ. ತೆರೆದಿದ್ರೆ ಮಂತ್ರ ಬರ್ತಿರಲಿಲ್ಲ, ಬೇರೆ ಬರ್ತಿತ್ತು, ಕೂಸಿನ ಮೇಲೇ. ಅದಕ್ಕೆ ಮುಖ ತಿರುಗಿಸಿದೆ. ಅದಕ್ಕೆ ಕೈಯಿಂದ ಬಾಯಿ ಒತ್ತಿ ಹಿಡಿದೆ. ಹಿತ್ತಲಿನ ಬಾಳೆ ಬುಡದಲ್ಲಿ ಎಲ್ಲ ಹೋಯ್ತು, ಪ್ರಸಾದ, ಮಾತು, ಎಲ್ಲ. ಮತ್ತೆ ಒಳಗೆ ಬಂದು ಏನಂತ ಹೇಳಲಿ?

ನನಗೆ ಹೇಸಿಗೆ ಆಗಿದ್ದು ನಿಜ. ಅದು ನನ್ನ ಮೇಲೆ. ಕೂಸಿನ ಕಾಲು ನೋಡಿದ್ದೆ ನಾನು, ಹುಣಸೆ ಚಿಗುರಿನಂಗೆ ಕೆಂಪಗಿತ್ತು. ಉತ್ತರ ಬರೀಬೇಡ.

ತಿಪ್ಪೇರುದ್ರ


ಜಗಳೂರು
18 ಆಗಸ್ಟ್ 1981

ಮುಠ್ಠಾಳ ತಿಪ್ಪೇಶಿಗೆ,

ಬಾಯಿಗೆ ಬಂದಿದ್ದನ್ನ ನುಂಗು ಅಂತ ಯಾವ ಲಿಂಗ ಹೇಳ್ತೋ ನಿನಗೆ? ಓದ್ತಾ ಓದ್ತಾ ನನಗೇ ಓಕರಿಕೆ ಬಂದು ಹಿತ್ತಲಿಗೆ ಓಡಿದೆ. ನಿನ್ನ ಭಾವ ಚೊಂಬು ಹಿಡಕೊಂಡು ಹಿಂದೆ ಬಂದ್ರು.  

ಎರಡು ವರ್ಷ ನಿನ್ನ ಹೆಸರು ಎತ್ತಿದ್ರೆ ಉಗೀತಿದ್ದೆ. ಈಗ ಉಗಿಯಾಕೆ ನನ್ನ ಮುಖವೇ ಸಿಕ್ಕೈತೆ.

ಇವತ್ತು ಬೆಳಿಗ್ಗೆ ಎದ್ದು ದಿನದಂಗೆ ನಶ್ಯದ ಡಬ್ಬಿ ತೆಗೆದೆ. ಚಿಟಿಕೆ ಮೂಗಿನ ತನಕ ಹೋಯ್ತು, ಕೈ ನಿಂತುಬಿಡ್ತು. ಮೂಗು ಬ್ಯಾರೆ ಬಾಯಿ ಬ್ಯಾರೆ ಅಂತ ನಿನಗೆ ಬರೆದೋಳು ನಾನೇ ಅಲ್ವಾ? ಡಬ್ಬಿ ಮುಚ್ಚಿದೆ. ಏರಿಸದೇ ಪೂಜೆಗೆ ಕೂತೆ. ತಲೆ ಸಿಡಿದು ಹೋಳಾಯ್ತು. ಕಣ್ಣಿಂದ ಮೂಗಿಂದ ನೀರು. ಅಂಗೈ ಮ್ಯಾಲಿನ ಲಿಂಗ ಎರಡೆರಡಾಗಿ ಕಾಣಾಕೆ ಹತ್ತಿತು. ಒಂದು ಚಿಟಿಕೆ ಪುಡಿ ಇಲ್ಲದೆ ನಾನು ಇಷ್ಟು ಒದ್ದಾಡಿದೆ, ನಿನಗೆ ಅಷ್ಟು ದೊಡ್ಡ ನೇಮ ಹೇರಿದೆ. ಎದ್ದು ಹೋಗಿ ಏರಿಸಿದೆ. ಗಟ್ಟಿಯಾಗಿ ಸೀನಿದೆ. ಬಂದು ಮತ್ತೆ ಪೂಜೆ ಮಾಡಿದೆ. ಲಿಂಗ ಏನೂ ಅನ್ನಲಿಲ್ಲ.

ನಿನ್ನ ಮಾತು ನಿನಗೆ ವಾಪಸ್ಸು. ಮೊದಲು ಗಂಜಿ ಕುಡಿ, ಮಾತ್ರೆ ನುಂಗು, ಕೈ ನಿಲ್ಲಲಿ, ಆಮೇಲೆ ಪೂಜೆ. ಪಾಪ ಬರೋದಾದ್ರೆ ನನ್ನ ತಲೆ ಮ್ಯಾಲೆ ಬರ್ಲಿ. ಅಪ್ಪಯ್ಯನ್ನ ಮ್ಯಾಲೆ ಕಂಡಾಗ ನಾನು ಮಾತಾಡ್ತೀನಿ.

ನಾಳೆ ಚನ್ನಗಿರಿಗೆ ಹೊರಟೀನಿ. ಈ ಕಾಗದ ಪ್ರೇಮಿಗೆ ನಾನೇ ಓದ್ತೀನಿ, ಹುಲಿಗೆಮ್ಮಗೂ ಕೂರಿಸಿ ಓದ್ತೀನಿ, ಅವಳಿಗೂ ವಾಂತಿ ಬರ್ಲಿ. ಗಣಪತಿ ಹಬ್ಬ ಆದ ಮ್ಯಾಲೆ ಕೂಸನ್ನ ಕರಕೊಂಡು ನ್ಯಾಮತಿಗೆ ಬರ್ತೀವಿ. ಅದರ ಲಿಂಗದ ಶಿವದಾರ ಸವೆದು ಎಳೆ ಎಳೆ ಆಗೈತೆ. ಹೊಸದು ಹೊಸೆದು ಇಟ್ಟಿರು. ಕಟ್ಟೋನು ನೀನು.

ಅಕ್ಕ


ನ್ಯಾಮತಿ
27 ಸೆಪ್ಟೆಂಬರ್ 1981

ಅಕ್ಕ,

ನೀವು ಹೋದ ಮೇಲೆ ಮನೆ ತೊಳೆಯಾಕೆ ಕಸ್ತೂರಿಗೆ ಎರಡು ದಿನ ಹಿಡೀತು. ನಿನ್ನ ಮೊಮ್ಮಗಳು ವಿಭೂತಿ ಗಟ್ಟಿ ನೆಕ್ಕಿ ನೆಕ್ಕಿ, ರುಚಿ ಇಲ್ಲ ಅಂತ ನನ್ನ ಪಂಚೆ ಮೇಲೆ ಉಗಿದಿದ್ದಾಳೆ. ಕಲೆ ಹೋಗಿಲ್ಲ. ಅಂಥ ಹೇಸಿಗೆ ಕೂಸನ್ನ ನಾನು ಕಂಡಿಲ್ಲ. ಕಸ್ತೂರಿ ಆ ಪಂಚೆ ಇನ್ನೊಮ್ಮೆ ಒಗೀತೀನಿ ಅಂದ್ಲು, ಬೇಡ ಅಂದೆ.

ಶಿವದಾರದ ಗಂಟು ಸೊಟ್ಟ ಆಗೈತೆ, ನನಗೂ ಗೊತ್ತು. ಕಟ್ಟೋ ಹೊತ್ತಿಗೆ ಮಾತ್ರೆ ಹತ್ತಿತ್ತು, ಆದ್ರೂ ಕೈ ಹೆದರಿತ್ತು. ಹಾಲಸ್ವಾಮಿ ಕಟ್ಟಿದ್ದು ನೆಟ್ಟಗಿತ್ತು ಅಂತ ಹುಲಿಗೆಮ್ಮ ಅಂದ್ರೂ ಅನ್ನಬಹುದು. ಅನ್ಲಿ. ಬಿಚ್ಚಿ ಕಟ್ಟಾಕೆ ಮಾತ್ರ ಯಾರಿಗೂ ಬಿಡಬೇಡ ಅಂತ ಪ್ರೇಮಿಗೆ ಹೇಳು. ಹೋಗುವಾಗ ಅವಳು, ಮಾವ ಊಟಕ್ಕೆ ಯಾವಾಗ ಬರ್ತೀರಿ ಅಂದ್ಲು. ನನ್ನ ಮುಖದಲ್ಲಿ ಏನೂ ಕಾಣಲ್ಲ ಈಗ, ನಗಾಕೆ ಬರಲ್ಲ. ನಾನು ನಕ್ಕಿದ್ದೆ ಅಂತ ಅವಳಿಗೆ ಬರಿ.

ಇನ್ನು ಆ ಬೆಳಗಿನ ಮಾತು. ಪೂಜೆಗೆ ಮುಂಚೆ ಗಂಜಿ ಕುಡಿ ಅಂದಾಗ ನನಗೆ ಬಾಯಿ ತೆರೆಯಾಕೆ ಆಗಲಿಲ್ಲ. ಐವತ್ತು ವರ್ಷದ ಬಾಯಿ ಅದು, ಮುಚ್ಚಿಯೇ ಗೊತ್ತು. ನೀನು ಸಣ್ಣೋನಿಗೆ ಬಡಿದಂಗೆ ಕೆನ್ನೆಗೆ ತಟ್ಟಿ ಚಮಚ ತುರುಕಿದೆ. ಮಾತ್ರೆ ನುಂಗಿ, ಕಾದು, ಕೂತೆ. ಆದ್ರೂ ಲಿಂಗ ಅಂಗೈಗೆ ಬಂದಾಗ ಕೈ ಒದರಿತು. ನೀನು ನಿನ್ನ ಅಂಗೈ ತಂದು ನನ್ನ ಅಂಗೈ ಕೆಳಗೆ ಇಟ್ಟೆ. ಪೂಜೆ ಮುಗಿಯೋ ತನಕ ತೆಗೀಲಿಲ್ಲ. ಮೇಲೆ ಬಿಟ್ಟ ನೀರು ನನ್ನ ಬೆರಳ ಸಂದಿಯಿಂದ ನಿನ್ನ ಕೈಗೆ ಇಳೀತಿತ್ತು. ಲಿಂಗ ಬೀಳಲಿಲ್ಲ.

ಹೇಳಬಾರದು ಅಂತಿದ್ದೆ, ಹೇಳದೆ ಇರಾಕೆ ಆಗ್ತಿಲ್ಲ. ನೀನು ಬಸ್ ಹತ್ತಿದ ಮೇಲೆ ಕೈ ಮೂಸಿ ನೋಡಿದೆ. ವಿಭೂತಿ ವಾಸನೆ ಇಲ್ಲ, ಪತ್ರೆ ವಾಸನೆ ಇಲ್ಲ. ಬರೀ ನಶ್ಯ.

ಥೂ ಅಕ್ಕ, ಹೇಸಿಗೆ. ಮತ್ತೆ ಯಾವಾಗ ಬರ್ತೀಯ?

ತಿಪ್ಪೇಶಿ